ಹವಾಯಿ ಹಾರ, ಹಳಿಯಾಳದ ಅರಿವಿ

ಮಾಳವಾಡಾ, ಜೊಯಿಡಾ ತಾಲೂಕು
2 ಮಾರ್ಚ್ 2025, ರವಿವಾರ

ಅಪ್ಪಾ ಅವರಿಗೆ,

ಶರಣು. ಈ ಕಾಗದ ಶುರು ಮಾಡೂದರಾಗ ಮೂರು ಹಾಳಿ ಹರದೇನಿ. ನಿಶ್ಚಯ ಆದ ಮದುವಿ ಬ್ಯಾಡ ಅಂತ ನಾ ಅಂದು ಮುಂದಿನ ತಿಂಗಳಿಗೆ ಒಂದು ವರ್ಷ. ಅವತ್ತ ನೀವು "ಇನ್ನ ನಿನ್ನ ಕೂಡ ಮಾತಿಲ್ಲ" ಅಂದ್ರಿ, ಅಂದಂಗ ನಡಕೊಂಡ್ರಿ. ಫೋನ್ ಮಾಡಿದ್ರ ಅವ್ವನ ಕೈಗೆ ಕೊಟ್ಟು ಮಷೀನು ತುಳಿಯಾಕ ಹತ್ತತೀರಿ. ಅದರ ಟಕಟಕ ಸಪ್ಪಳ ನನಗ ಇಲ್ಲಿಗೆ ಕೇಳತೈತಿ.

ಅದಕ್ಕ ಬರೀತೇನಿ. ಆ ಮಾತು ತಗಿಯೂದಿಲ್ಲ, ಹೊಲಿಗಿ ಮಾತಷ್ಟ.

ನಾ ಅತಿಥಿ ಶಿಕ್ಷಕಿ ಆಗಿರೋ ಸಾಲಿ ಮಗ್ಗಲಕ ಪಂಚಾಯಿತಿ ಗ್ರಂಥಾಲಯ ಐತಿ. ಈಗ ಅದಕ್ಕ "ಅರಿವು ಕೇಂದ್ರ" ಅಂತಾರ. ಅದನ್ನ ನೋಡಿಕೊಳ್ಳೋ ಬಾಯಾರು ಹೆರಿಗಿಗೆ ಅಂತ ತವರಿಗೆ ಹೋಗ್ಯಾರ. ಸಂಜಿಮುಂದ ಬಾಗಿಲಾ ತಗಿಯೂ ಕೆಲಸ ನನಗ ಬಂದೈತಿ. ಹೋದ ವಾರ ದಾನ ಬಂದ ಪುಸ್ತಕದ ಪೆಟ್ಟಿಗಿ ಬಿಚ್ಚಿದೆ. ತಳದಾಗ ರಟ್ಟು ಹರದ ಒಂದು ಇಂಗ್ಲಿಷ್ ಪುಸ್ತಕ. ಹವಾಯಿ ಅನ್ನೂ ದ್ವೀಪದಾಗಿನ ಹೂವಿನ ಹಾರ, ಎಲಿ ಲಂಗ, ಬೆಂಕಿ ಉಗಳೂ ಗುಡ್ಡ, ಕಡಲಾಮಿ, ಇವನ್ನೆಲ್ಲ ಸಣ್ಣ ಹುಡುಗೂರು ಕೈಲೆ ಹೆಂಗ ಮಾಡಬೇಕು ಅಂತ ಚಿತ್ರ ತಗದು ತೋರಿಸ್ಯಾರ. ಹುಡುಗೂರು ಆ ಪುಸ್ತಕ ಕೆಳಗ ಇಡವಲ್ರು. ನಾಕನೇ ಕ್ಲಾಸಿನ ಸ್ವಪ್ನಾ ಕೇಳಿದ್ಲು, "ಅಕ್ಕೋರ, ಇದು ಕಾರವಾರದ ಆಚೆ ಬರತೈತೇನ್ರಿ?" ನಮ್ಮ ಜಿಲ್ಲೇಕ ಸಮುದ್ರ ಐತಿ ಖರೆ, ಆದ್ರ ನನ್ನ ಹತ್ತೊಂಬತ್ತು ಹುಡುಗೂರೊಳಗ ಅದನ್ನ ಕಣ್ಣಿಲೆ ಕಂಡವರು ಇಬ್ಬರ.

ಈಗ ಎಲ್ಲಾರಿಗೂ ಆ ಹಾರ ಬೇಕಾಗೈತಿ. ನನ್ನ ಹಳೇ ಓಢಣಿ ಕತ್ತರಿಸಿ ಹೂವು ಮಾಡಾಕ ನೋಡಿದೆ. ಅಂಚಿನ ಎಳಿ ಎಲ್ಲಾ ಬಿಚ್ಚಿ ಬಂದು ಹೂವು ಹೋಗಿ ಕಸಬರಿಗಿ ಆತು. ಎಳಿ ಬಿಚ್ಚದಂಗ ಅರಿವಿ ಹೂವು ಹೆಂಗ ಮಾಡಬೇಕು? ಇಷ್ಟ ಕೇಳೂದಿತ್ತು.

ನಮ್ಮ ಅಜ್ಜಿ ಮುದಕವ್ವ ಆಯಿಗೆ ನಮಸ್ಕಾರ ಹೇಳ್ರಿ. ಹೇಳೂದು ಬ್ಯಾಡ ಅನಿಸಿದ್ರ ಅವ್ವ ಹೇಳ್ತಾಳ.

ಸುಮಿತಾ


ಹಳಿಯಾಳ
9-3-2025

ಸುಮಿತಾಗೆ,

ಮಾತು ಬಿಟ್ಟೇನಿ ಅಂದಿದ್ದೆ. ಬರಿಯೂದು ಬಿಟ್ಟೇನಿ ಅಂದಿಲ್ಲ.

ಹೂವಿನ ಆಕಾರಕ್ಕ ಅರಿವಿ ಕತ್ತರಿಸಬ್ಯಾಡ. ಅದ ನೀ ಮಾಡಿದ ತಪ್ಪು. ನಾಕು ಬೆರಳು ಅಗಲ, ಒಂದು ಗೇಣು ಉದ್ದದ ಪಟ್ಟಿ ತಗಿ. ಉದ್ದಕ ಎರಡು ಮಡಿಕಿ ಮಾಡು. ಬಿಚ್ಚಿದ ಅಂಚು ಎರಡೂ ಕೂಡೂ ಕಡೆ ಸೂಜಿಲೆ ದೊಡ್ಡ ದೊಡ್ಡ ಟಾಕಿ ಹಾಕ್ಕೊಂತ ಹೋಗು. ಕೊನೀಗೆ ಬಂದು ದಾರ ಜಗ್ಗು. ನೆರಗಿ ಬಿದ್ದು ಪಟ್ಟಿ ತಾನ ದುಂಡಗ ಸುತ್ತಿಕೊಂತೈತಿ. ಮಡಿಚಿದ ಅಂಚು ಹೊರಗ ಬರತೈತಿ, ಹಿಂಗಾಗಿ ಎಳಿ ಬಿಚ್ಚೂ ಮಾತಿಲ್ಲ. ಬುಡಕ ಎರಡು ಗಂಟು ಹಾಕು. ಒಂದು ಮಾಡಿ ಇದರಾಗ ಇಟ್ಟೇನಿ, ನೋಡಿಕೋ.

ಹುಡುಗೂರ ಕೈಗೆ ಸಣ್ಣ ಸೂಜಿ ಕೊಡಬ್ಯಾಡ, ಕಳದು ಯಾರದರ ಕಾಲಿಗೆ ಚುಚ್ಚತೈತಿ. ದಬ್ಬಣಾನೂ ಬ್ಯಾಡ. ನಡುವಿನ ಸೂಜಿ, ಕಣ್ಣು ದೊಡ್ಡದಿರಬೇಕು. ಆರು ಕಳಿಸೇನಿ.

ಹವಾಯಿ ಅಂದ್ರ ನನಗ ಗೊತ್ತಿದ್ದದ್ದು ಚಪ್ಪಲ್ ಒಂದ. ಅದು ಊರ ಹೆಸರು ಅಂತ ಈಗ ತಿಳೀತು. ನಿಮ್ಮವ್ವಗ ಹೇಳಿದ್ರ ಆಕಿ ನಂಬವಲ್ಲಳು.

ಅಂದಾನೆಪ್ಪ, ಟೇಲರ್


ಮಾಳವಾಡಾ
23 ಮಾರ್ಚ್ 2025

ಅಪ್ಪಾ ಅವರಿಗೆ ಶರಣು,

ಆಗೇತಿ! ಹೂವು ಆಗೇತಿ. ಮೊದಲ ದಿನ ನಾಕು ಮಾಡಿದ್ವಿ, ಎರಡನೇ ದಿನ ನನ್ನ ಓಢಣಿ ಪೂರಾ ಮುಗೀತು. ಮೂರನೇ ಕ್ಲಾಸಿನ ಮಹಾಬಳೇಶ್ವರ ಅಂತ ಒಬ್ಬ ಹುಡುಗ ಅದಾನ, ಲೆಕ್ಕದ ಪುಸ್ತಕ ಕಂಡ್ರ ಓಡಿ ಹೋಗತಾನ. ಅವ ಇಪ್ಪತ್ತು ನಿಮಿಷ ಮಾತಿಲ್ಲದ ಕೂತು ಟಾಕಿ ಹಾಕಿದ. ದಾರ ಜಗ್ಗಿದ ಕೂಡ್ಲೆ ಪಟ್ಟಿ ದುಂಡಗ ಆತಲ್ಲ, ಅವ ಅಂಜಿ ಕೈಬಿಟ್ಟ! ಆಮ್ಯಾಲೆ ಅದನ್ನ ಬಿಚ್ಚಿ ಮತ್ತ ಜಗ್ಗಿ, ಮತ್ತ ಬಿಚ್ಚಿ, ಊರ ಮಂದೀಗೆಲ್ಲಾ ತೋರಿಸಿ ಬಂದ.

ಇನ್ನೊಂದು ಹೇಳಬೇಕು. ಆ ದ್ವೀಪದಾಗ ಹಾರಕ್ಕ "ಲೇ" ಅಂತಾರಂತ. ಇದನ್ನ ನಾ ಹೇಳಬಾರದಿತ್ತು. ಆವಾಗಿಂದ ಅರಿವು ಕೇಂದ್ರದಾಗ ಬ್ಯಾರೆ ಮಾತಿಲ್ಲ. "ಲೇ, ನನ್ನ ಲೇ ಎಲ್ಲೈತಿ ಲೇ?" "ನಿನ್ನ ಲೇ ನನಗೇನು ಗೊತ್ತಲೇ!" ಮನ್ಯಾಗ ಕೊಂಕಣಿ ಆಡೂ ಹುಡುಗೂರಪ್ಪಾ ಇವರು. ವರ್ಷಪೂರ್ತಿ ಕನ್ನಡ ಮಾತಾಡ್ರಿ ಅಂದ್ರ ಬಾಯಿ ಬಿಡತಿರಲಿಲ್ಲ. ಈಗ ಈ ಒಂದು "ಲೇ" ಹಿಡಕೊಂಡು ದಿನಾ ಕನ್ನಡದಾಗ ಜಗಳಾಡತಾರ. ಹೆಡ್ ಮಾಸ್ತರು ಬಾಗಿಲದಾಗ ನಿಂತು ಕೇಳಿ, "ಏನ್ರಿ ಬಾಯಾರ, ಇದನ್ನ ಕಲಿಸೀರೇನು?" ಅಂದ್ರು. ಹಾರಕ್ಕ ಹಂಗಂತಾರ್ರಿ ಅಂತ ಪುಸ್ತಕ ತೋರಿಸಿದೆ. ನಂಬಲಿಲ್ಲ.

ಮೇ ತಿಂಗಳಾಗ ಹನ್ನೊಂದು ದಿನ ಬೇಸಿಗಿ ಶಿಬಿರ ಮಾಡ್ರಿ ಅಂತ ಪಂಚಾಯಿತಿ ಅಧ್ಯಕ್ಷೆ ಸಕ್ಕುಬಾಯಿಯವರು ಹೇಳ್ಯಾರ. ಯಾವುದರ ಮ್ಯಾಲೆ ಮಾಡೂದು ಅಂತ ಹುಡುಗೂರನ್ನ ಕೇಳಿದೆ. ಹುಣಸಿಬೀಜ ಹಾಕಿಸಿ ಮತದಾನ. ಕಾಡಿನ ಪ್ರಾಣಿಗೆ ಎರಡು ಬೀಜ, ರಾಕೆಟ್ಟಿಗೆ ಮೂರು, ಹವಾಯಿಗೆ ಇಪ್ಪತ್ತೊಂದು. ಹುಡುಗೂರು ಇರೂದು ಹತ್ತೊಂಬತ್ತು. ನಾ ಕಣ್ಣು ಮುಚ್ಚಿಕೊಂಡೆ.

ಎಲಿ ಲಂಗಕ್ಕ ಏನು ಬಳಸೂದು ತಿಳೀವಲ್ತು. ಇಲ್ಲಿ ಹಸಿ ಎಲಿ ಎಷ್ಟರ ಐತಿ, ಆದ್ರ ಒಂದು ದಿನಕ್ಕ ಬಾಡತೈತಿ. ಹುಲ್ಲು ಮೈ ಕೆರಸತೈತಿ. ನಿಮಗೇನರ ಹೊಳೀತೈತೇನು?

ನಿಮ್ಮ ಕಾಗದ ಹುಡುಗೂರಿಗೆ ಓದಿ ತೋರಿಸಿದೆ, ಮೊದಲಿನ ಸಾಲು ಬಿಟ್ಟು. ನಿಮ್ಮನ್ನ "ಸೂಜಿ ಅಜ್ಜ" ಅಂತ ಕರೀತಾರ.

ಸುಮಿತಾ


ಹಳಿಯಾಳ
6-4-2025

ಸುಮಿತಾಗೆ,

ನನಗ ಐವತ್ತಾರ. ಅಜ್ಜ ಅಂದ್ರ ಹೆಂಗ? ಇರಲಿ, ಹುಡುಗೂರು.

ನಿನ್ನ ಕಾಗದ ಬಂದ ದಿನ ನಿಮ್ಮವ್ವಗ ಓದಿ ಹೇಳಿದೆ. "ಲೇ" ವಿಷಯಕ್ಕ ಆಕಿ ರೊಟ್ಟಿ ಬಡಿಯೂದು ಬಿಟ್ಟು ನಕ್ಕಳು. ಹಂಚಿನ ಮ್ಯಾಲಿನ ರೊಟ್ಟಿ ಕರಕಾತು. ಅದನ್ನ ನನಗ ಹಾಕಿದ್ಲು.

ಲಂಗಕ್ಕ ಗೋವಿನಜೋಳದ ರವದಿ ಚಲೋ. ತೆನಿ ಸುತ್ತ ಇರತೈತಲ್ಲ ಒಣಗಿದ ಸಿಪ್ಪಿ, ಅದು. ತೆಳ್ಳಗ, ಮೆತ್ತಗ ಇರತೈತಿ, ಕೆರಸೂದಿಲ್ಲ. ಹೋದ ರವಿವಾರ ಮುಂಡಗೋಡಕ್ಕ ನಿಮ್ಮ ಶಿವಲಿಂಗ ಮಾವನ ಹೊಲಕ್ಕ ಹೋಗಿದ್ದೆ. ಎಷ್ಟು ಬೇಕು ಅಂದ. ಹತ್ತೊಂಬತ್ತು ಹುಡುಗೂರ ನಡುವಿಗೆ ಸುತ್ತುವಷ್ಟು ಅಂದೆ. ನನ್ನ ಮಾರಿ ನೋಡಿದ. ಹವಾಯಿ ಅಂದೆ. ಚಪ್ಪಲ್ ಅಂಗಡಿ ಹಾಕ್ತೀರೇನ್ರಿ ಮಾವಾರ ಅಂದ. ಎಲ್ಲಾ ಬಿಡಿಸಿ ಹೇಳೂದರಾಗ ಊಟದ ಹೊತ್ತು ಆತು.

ನಡುಪಟ್ಟಿಗೆ ಬರೇ ದಾರ ಹಾಕಿದ್ರ ಹುಡುಗೂರ ಮೈ ಕೊರೀತೈತಿ. ಟಿಬೆಟನ್ ಕಾಲೊನಿಯೊಳಗ ಗಾಲೀಚೆ ನೇಯೂ ಒಬ್ಬ ಮುದುಕಿ ಶಿವಲಿಂಗನ ಕಡೆ ಜೋಳ ಒಯ್ಯತಾಳಂತ. ಆಕೀನ ಕೇಳಿದ್ವಿ. ನೇದು ಉಳದ ಉಣ್ಣಿ ನೂಲಿನ ತುಂಡು ಒಂದು ಚೀಲ ಕೊಟ್ಲು. ಹಸರು, ಕೆಂಪು, ಹಳದಿ. ಮೂರು ಎಳಿ ಜಡಿ ಹೆಣದು ನಡುಪಟ್ಟಿ ಮಾಡ್ರಿ. ರವದಿಗೆ ಮೊದಲ ನೀರು ಚಿಮುಕಿಸಿ ಮೆತ್ತಗ ಮಾಡಿ ಗಂಟು ಹಾಕ್ರಿ, ಇಲ್ಲಂದ್ರ ಸೀಳತೈತಿ. ಎರಡು ಚೀಲ ಬಸ್ಸಿಗೆ ಹಾಕೇನಿ. ಜೊಯಿಡಾ ಬಸ್ಸಿನ ಕಂಡಕ್ಟರ್ ಮಲ್ಲೇಶ ನನ್ನ ಕಡೆ ಯೂನಿಫಾರ್ಮ್ ಹೊಲಿಸಾಂವ. ನಿನ್ನ ಕೈಗ ಕೊಡತಾನ.

ನಿಂದು ಅರಿವು ಕೇಂದ್ರ, ನಂದು ಅರಿವಿ ಕೇಂದ್ರ. ಒಂದು ಕೊಂಬಿನ ಫರಕು.

ಹಾರಕ್ಕ ಅರಿವಿ ಐತೋ ಇಲ್ಲೋ? ಹತ್ತೊಂಬತ್ತು ಹಾರಕ್ಕ ಭಾಳ ಬೇಕಾಗತೈತಿ.

ಅಂದಾನೆಪ್ಪ


ಮಾಳವಾಡಾ
3 ಮೇ 2025

ಅಪ್ಪಾ ಅವರಿಗೆ ಶರಣು,

ಏಪ್ರಿಲ್ ಪೂರಾ ಪರೀಕ್ಷಾ, ಫಲಿತಾಂಶ ಅಂತ ಹೋತು. ಉತ್ತರ ಬರಿಯೂದು ತಡ ಆತು, ಸಿಟ್ಟಾಗಬ್ಯಾಡ್ರಿ.

ಶಿಬಿರ ಮೊನ್ನೆ ಶುರುವಾತು. ಇಲ್ಲಿ ಈಗ ಕಾಲಿಡಾಕ ಜಾಗ ಇಲ್ಲ. ಒಂದು ಮೂಲ್ಯಾಗ ತೆಂಗಿನ ಚಿಪ್ಪಿನ ಕಡಲಾಮಿ ಹದಿನಾಕು. ಇನ್ನೊಂದರಾಗ ಹೊಳಿ ದಂಡಿ ಜೇಡಿಮಣ್ಣಿನ ಬೆಂಕಿ ಗುಡ್ಡ, ಮಹಾಬಳೇಶ್ವರನ ಎದಿಮಟ. ಹೊಟ್ಟ್ಯಾಗ ಅಡಿಗಿ ಸೋಡಾ, ಕೆಂಪು ಬಣ್ಣ ಹಾಕಿ, ಮ್ಯಾಲೆ ಲಿಂಬಿರಸ ಸುರುವಿದ್ರ ನೊರಿ ಉಕ್ಕತೈತಿ ಅಂತ ಪುಸ್ತಕ ಹೇಳತೈತಿ. ಇನ್ನೂ ಉಕ್ಕಿಲ್ಲ. ಬಿದಿರಿನ ದೋಣಿ ಮೂರು ಆಗ್ಯಾವು. ನಿಮ್ಮ ರವದಿ ಲಂಗ ಹನ್ನೊಂದು ಮುಗದಾವು. ಗಂಡು ಹುಡುಗೂರು ಮೊದಲ ಒಲ್ಲೆ ಅಂದ್ರು. ಅಲ್ಲಿ ಗಂಡಸರೂ ಉಟ್ಟು ಕುಣೀತಾರ ಅಂತ ಚಿತ್ರ ತೋರಿಸಿದ ಮ್ಯಾಲೆ ಈಗ ಬಿಚ್ಚವಲ್ರು. ಉಟಗೊಂಡ ಮನಿಗೆ ಹೋಗತಾರ.

ಕೊನೀ ದಿನ ಇದ ಹನ್ನೊಂದನೇ ತಾರೀಖು, ರವಿವಾರ. ಊರವರೆಲ್ಲ ಬರ್ತಾರ. ಬಂದವರಿಗೆ ಹುಡುಗೂರು ಹಾರ ಹಾಕಿ ಒಳಗ ಕರಕೋಬೇಕು. ಅಲ್ಲಿ ಪದ್ಧತಿ ಹಂಗ ಐತಂತ.

ಹಾರಕ್ಕ ಅರಿವಿ ಕೇಳೀರಿ. ಬ್ಯಾಡ್ರಿ, ದಾಂಡೇಲಿಯಿಂದ ಬಣ್ಣದ ಕಾಗದ ತಂದೇನಿ. ಕಾಗದದ್ದ ಮಾಡತೇವಿ. ನಿಮಗ ಮತ್ತ ಯಾಕ ತ್ರಾಸು.

ಸುಮಿತಾ


ಮಾಳವಾಡಾ
7 ಮೇ 2025, ಬುಧವಾರ

ಅಪ್ಪಾ,

ಇದನ್ನ ಮುಂಜಾನೆ ಬಸ್ಸಿಗೆ ಮಲ್ಲೇಶಣ್ಣನ ಕೈಯಾಗ ಕೊಡಾಕತ್ತೇನಿ.

ನಿನ್ನೆ ಸಂಜಿಮುಂದ ಗಾಳಿ ಮಳಿ ಬಂತು. ಎರಡು ಹಂಚು ಹಾರಿ ಹೋದವು, ನೀರು ಸೀದಾ ಹಾರ ತೂಗಹಾಕಿದ್ದ ಹಗ್ಗದ ಮ್ಯಾಲೆ ಬಿತ್ತು. ಐದು ದಿನದ ಕೆಲಸ. ಕಾಗದ ಕರಗಿ ಬಣ್ಣ ಬಿಟ್ಟು, ಕೆಂಪು ನೀಲಿ ಎಲ್ಲಾ ಕೂಡಿ ನೆಲದ ಮ್ಯಾಲೆ ಗೊಜ್ಜಿನಂಗ ಬಿದ್ದಿತ್ತು. ಆಮಿಗೆ ಏನೂ ಆಗಿಲ್ಲ. ಮಣ್ಣಿನ ಗುಡ್ಡಕ್ಕ ಹುಡುಗೂರು ತಾಡಪತ್ರಿ ಮುಚ್ಚಿ ಕೂತಿದ್ರು.

ಸ್ವಪ್ನಾ ಅಳಲಿಲ್ಲ. ಅತ್ತಿದ್ರ ನನಗ ಹಗುರಾಗತಿತ್ತು. ಆ ಗೊಜ್ಜು ಬಳದು ಬುಟ್ಟಿಗೆ ತುಂಬಿ, "ಅಕ್ಕೋರ, ಹಾರ ಇಲ್ಲದ ಕರದ್ರೂ ಮಂದಿ ಒಳಗ ಬರ್ತಾರಲ್ರಿ?" ಅಂದ್ಲು.

ಉಳದದ್ದು ನಾಕ ದಿನ. ನಿಮ್ಮ ಅಂಗಡಿ ಮೂಲ್ಯಾಗ ಕತ್ತರಿಸಿ ಉಳದ ಅರಿವಿ ತುಂಡು ಇರತಾವಲ್ಲ, ಯಾವುದರ ನಡೀತೈತಿ, ಅಂಗಿದು, ಅಸ್ತರದ್ದು. ಕಳಸ್ರಿ. ಮೊದಲ ಕೇಳಬೇಕಿತ್ತು. ಕೇಳಾಕ ಮನಸು ಒಪ್ಪಲಿಲ್ಲ.

ಸುಮಿ


ಹಳಿಯಾಳ
8-5-2025, ಗುರುವಾರ

ಸುಮಿಗೆ,

ಕಾಗದದ್ದ ಮಾಡತೇವಿ ಅಂತ ಬರದಿದ್ದಿ. ಅದನ್ನ ಓದಿ ನನಗ ಕೆಟ್ಟ ಅನಸಿತ್ತು. ಅದಕ್ಕ ಉತ್ತರ ಬರದಿರಲಿಲ್ಲ. ಈಗ ಅದು ಇರಲಿ.

ಇದರಾಗ ಹತ್ತೊಂಬತ್ತು ಗಂಟು ಅದಾವು, ಒಬ್ಬೊಬ್ಬರಿಗೆ ಒಂದೊಂದು. ಒಂದು ಗಂಟಿನ್ಯಾಗ ಇಪ್ಪತ್ನಾಕು ಪಟ್ಟಿ, ಎಲ್ಲಾ ನಾಕು ಬೆರಳು ಅಗಲ, ಮಡಿಕಿ ಹಾಕಿ ಇಸ್ತ್ರಿ ಮಾಡೇನಿ. ಹುಡುಗೂರು ಟಾಕಿ ಹಾಕಿ ಜಗ್ಗಿದ್ರ ಆತು. ಇಪ್ಪತ್ನಾಕು ಹೂವಿಗೆ ಒಂದು ಹಾರ ತುಂಬತೈತಿ. ಸೂಜಿ ಇನ್ನ ಹದಿಮೂರು ಇಟ್ಟೇನಿ, ಒಬ್ಬರಿಗೊಬ್ಬರು ಕಾಯೂದು ಬ್ಯಾಡ. ದಾರ ದುಪ್ಪಟ ಮಾಡ್ರಿ.

ನಿಮ್ಮವ್ವ ಮಡಚಿದ್ಲು, ನಾ ಕತ್ತರಿಸಿದೆ. ನಿಮ್ಮ ಆಯಿ ಗಂಟು ಕಟ್ಟಿದ್ಲು. ಅಂಗಡಿ ಇವತ್ತ ತಗದಿಲ್ಲ.

ಜಾರೂ ಅರಿವಿ ಹುಡುಗೂರಿಗೆ ಸಿಟ್ಟು ತರಸತೈತಿ. ಅದನ್ನ ದೊಡ್ಡವರಿಗೆ ಕೊಡು, ನೂಲಿಂದು ಸಣ್ಣವರಿಗೆ.

ನಿಮ್ಮಪ್ಪ


ಮಾಳವಾಡಾ
10 ಮೇ 2025, ಶನಿವಾರ

ಅಪ್ಪಾ,

ಗಂಟು ನಿನ್ನೆ ಬಂದವು. ಹುಡುಗೂರು ನಿನ್ನೆ ಮನಿಗೆ ಹೋಗಲಿಲ್ಲ, ಅವರ ತಾಯಂದಿರ ಇಲ್ಲಿಗೆ ಬಂದ್ರು. ಬಂದವರೂ ಸೂಜಿ ಹಿಡದ್ರು. ಹದಿನೇಳು ಹಾರ ಆಗ್ಯಾವು, ಎರಡು ಇವತ್ತ ಮಧ್ಯಾಹ್ನದೊಳಗ ಆಗತಾವು.

ಕತ್ತರಿಸಿ ಉಳದ ತುಂಡು ಕಳಸ್ರಿ ಅಂದಿದ್ದೆ. ನೀವು ಕಳಿಸಿದ್ದು ತುಂಡಲ್ಲ.

ಹಸರ ಖಣ, ಗುಲಾಬಿ ಸಾಟೀನು, ಕೆಂಪಂಚಿನ ಹಳದಿ ರೇಷ್ಮಿ. ನನ್ನ ಮದುವಿ ಕುಬಸಕ್ಕ ಅಂತ ತಂದಿದ್ರಲ್ಲ, ಆ ಹನ್ನೊಂದು ಅರಿವಿ. ನಾ ಬ್ಯಾಡ ಅಂದ ಮ್ಯಾಲೆ ಒಂದಕ್ಕೂ ಕತ್ತರಿ ಹಚ್ಚದ ಟ್ರಂಕಿಗೆ ಹಾಕಿ ಕೀಲಿ ಹಾಕಿದ್ರಿ ಅಂತ ಅವ್ವ ಒಮ್ಮೆ ಹೇಳಿದ್ಲು. ಮೊದಲನೇ ಗಂಟು ಬಿಚ್ಚಿ ನಾ ಹಂಗ ಕೂತುಬಿಟ್ಟೆ. ಸ್ವಪ್ನಾ ಬಂದು, "ಅಕ್ಕೋರ, ಇದು ಭಾರೀ ಅರಿವಿ ಐತ್ರಿ, ಇದನ್ನ ಕುಣ್ಯಾಕ ಹಾಕ್ಕೋಬಹುದೇನ್ರಿ?" ಅಂತ ಕೇಳಿದ್ಲು. ಹಾಕ್ಕೋಬಹುದು ಅಂದೆ.

ಇದನ್ನೂ ಮುಂಜಾನೆ ಬಸ್ಸಿಗೆ ಕೊಟ್ಟು ಕಳಸತೇನಿ. ನಾಳೆ ಹತ್ತೂವರಿಗೆ ಕಾರ್ಯಕ್ರಮ. ಮಲ್ಲೇಶಣ್ಣನ ಬಸ್ಸು ಹತ್ತಕ್ಕ ಇಲ್ಲಿ ಬರತೈತಿ. ಮಾತಾಡೂದು ಬ್ಯಾಡ. ಬಂದು ನೋಡಿ ಹೋಗ್ರಿ.

ಸುಮಿ


ಮಾಳವಾಡಾ
13 ಮೇ 2025

ಪ್ರೀತಿಯ ಅವ್ವಾ,

ಮುದಕವ್ವ ಆಯಿಗೆ ಮೊಣಕಾಲ ನೋವು ಅಂತ ನಿನಗ ಬರಾಕ ಆಗಲಿಲ್ಲ. ಅಪ್ಪ ಮನಿಗೆ ಬಂದು ಏನು ಹೇಳ್ಯಾರೋ, ಎಷ್ಟು ನುಂಗ್ಯಾರೋ ಗೊತ್ತಿಲ್ಲ. ಅದಕ್ಕ ನಿನಗ ಬ್ಯಾರೆ ಬರೀತೇನಿ. ಅಕ್ಷರ ದೊಡ್ಡದಾಗಿ ಬರದೇನಿ, ನೀನ ಕೂಡಿಸಿ ಓದು. ಅವರ ಕೈಯಾಗ ಓದಿಸಬ್ಯಾಡ.

ಬಸ್ಸಿನಿಂದ ಅಪ್ಪ ಇಳಿದ್ರು. ಇಸ್ತ್ರಿ ಮಾಡಿದ ಬಿಳೀ ಅಂಗಿ, ಕೊರಳಾಗ ಅಳತಿ ಟೇಪು. ಅಂಗಡಿಯಿಂದ ಬರುವಾಗ ತಗಿಯೂದು ಮರತಾರ. ಹುಡುಗೂರು ಟೇಪು ಕಂಡು "ಸೂಜಿ ಅಜ್ಜ!" ಅಂತ ಓಡಿ ಹೋಗಿ ಮುತ್ತಿದ್ರು. ನಾ ಬಾಗಿಲದಾಗ ನಿಂತಿದ್ದೆ. ನನ್ನ ಕಡೆ ನೋಡಿ ತಲಿ ಒಂದೀಟು ಅಲ್ಲಾಡಿಸಿದ್ರು, ಅಷ್ಟ. ಸ್ವಪ್ನಾ ಹಸರ ಖಣದ ಹಾರ ಅವರ ಕೊರಳಿಗೆ ಹಾಕಿದ್ಲು. ಅಪ್ಪ ಹಾರ ನೋಡಲಿಲ್ಲ, ಹಾರದ ಟಾಕಿ ನೋಡಿದ್ರು. ಹೊಳ್ಳಿಸಿ ಹೊಳ್ಳಿಸಿ ನೋಡಿ, "ಯಾರು ಹಾಕಿದ್ದು ಇದು?" ಅಂದ್ರು. "ನಾನ್ರಿ." "ಸಮಾ ಬಿದ್ದಾವು," ಅಂದ್ರು. ಆ ಹುಡುಗಿ ಮಾರಿ ನೋಡಬೇಕಿತ್ತು ಅವ್ವಾ ನೀ.

ಬೆಂಕಿ ಗುಡ್ಡ ಮೊದಲು ಉಕ್ಕಲಿಲ್ಲ. ಮಹಾಬಳೇಶ್ವರ ಲಿಂಬಿರಸ ಸುರುವಿದ, ಎಲ್ಲಾರೂ ಕಾದ್ರು, ಏನೂ ಇಲ್ಲ. ಅಧ್ಯಕ್ಷೆ ಸಕ್ಕುಬಾಯಿಯವರು "ಬಿಡಪಾ, ಚಲೋ ಆಗೇತಿ ಗುಡ್ಡ," ಅಂತ ಹತ್ತರ ಬಗ್ಗಿ ನೋಡಿದ್ರು. ಅವಾಗ ಅದಕ್ಕ ಸಿಟ್ಟು ಬಂತು ನೋಡು. ಬುಸ್ ಅಂತ ಕೆಂಪು ನೊರಿ ಅವರ ಹೊಸಾ ಸೀರಿ ಮ್ಯಾಲೆ! ಅವರು ಸೀರಿ ನೋಡಿಕೊಂಡು, "ಅಧ್ಯಕ್ಷಗಿರಿಯೊಳಗ ಮೈಮ್ಯಾಲೆ ಎಲ್ಲಾ ಬಿದ್ದಿತ್ತು, ಗುಡ್ಡ ಒಂದು ಬೀಳೂದು ಉಳದಿತ್ತು," ಅಂದು ಬಿದ್ದು ಬಿದ್ದು ನಕ್ಕರು.

ಆಮ್ಯಾಲೆ ಕುಣಿತ. ಸ್ವಪ್ನಾನ ಅಪ್ಪ ಗುಮಟೆ ಬಾರಿಸಿದ. ಹವಾಯಿಯೊಳಗ ಗುಮಟೆ ಇರತೈತೋ ಇಲ್ಲೋ ಯಾರು ಕೇಳತಾರ? ಹತ್ತೊಂಬತ್ತು ಹುಡುಗೂರು, ರವದಿ ಲಂಗ ಸರ್ ಸರ್ ಅಂತ ಸಪ್ಪಳ ಮಾಡಾಕತ್ತಿತ್ತು. ನಟ್ಟನಡುವ ಮಹಾಬಳೇಶ್ವರನ ನಡುಪಟ್ಟಿ ಬಿಚ್ಚಿ ಲಂಗ ಜಾರಾಕತ್ತಿತು. ಅವ ಒಂದು ಕೈಲೆ ಲಂಗ ಹಿಡಕೊಂಡು ಇನ್ನೊಂದು ಕೈಲೆ ಕುಣ್ಯಾಕತ್ತಿದ್ದ. ಒಳಗ ಚಡ್ಡಿ ಇತ್ತು, ಆದ್ರೂ ಮಾರಿ ಕೆಂಪಗಾಗಿತ್ತು.

ಅಪ್ಪ ಕುರ್ಚಿಯಿಂದ ಎದ್ದು ನಡುವ ಓಡಿ ಹೋಗಿ ಅವನ ಹಿಂದ ಮೊಣಕಾಲೂರಿ ಕೂತ್ರು. ಕೂತವರ, "ಸುಮಿ, ದಾರ ತಾ! ಲಗೂ!" ಅಂದ್ರು.

ನಾ ಓಡಿ ಹೋಗಿ ಕೊಟ್ಟೆ.

"ಕರೇದಲ್ಲ, ಬಿಳೀದು. ಎಷ್ಟು ಸಲ ಹೇಳಬೇಕು ನಿನಗ."

ಬಿಳೀದು ಕೊಟ್ಟೆ. ಸೂಜಿ ಪೋಣಸಾಕ ಹೋದವರ ಕೈ ಅಲ್ಲೇ ನಿಂತಿತು. ಅವರಿಗೆ ಅವಾಗ ಗೊತ್ತಾತು ನನ್ನ ಕೂಡ ಮಾತಾಡೇನಿ ಅಂತ. ನನಗೂ ಆವಾಗ ಗೊತ್ತಾತು. ಇಬ್ಬರೂ ಹಂಗ ಒಬ್ಬರ ಮಾರಿ ಒಬ್ಬರು ನೋಡಿಕೊಂತ ಉಳದ್ವಿ. ಗುಮಟೆ ಬಾರಿಸಾಂವ ನಿಲ್ಲಿಸಿರಲಿಲ್ಲ. ಮಹಾಬಳೇಶ್ವರ ಕುತ್ತಿಗಿ ಹೊಳ್ಳಿಸಿ, "ಅಜ್ಜಾರ, ಆಮ್ಯಾಲೆ ನೋಡ್ರಿ, ಮೊದಲ ಹೊಲಿರಿ," ಅಂದ.

ಅಪ್ಪಗ ನಗು ತಡೀಲಿಲ್ಲ. ಅವರು ಹಂಗ ನಕ್ಕದ್ದು ನಾ ಎಂದೂ ನೋಡಿಲ್ಲ, ಕಣ್ಣಾಗ ನೀರು ಬರೂತನಕ. ಟಾಕಿ ಸೊಟ್ಟ ಬಿತ್ತು. ಬಿದ್ರ ಬೀಳಲಿ ಅಂದ್ರು.

ಊಟಕ್ಕ ಕೂತಾಗ ನನ್ನ ಎಲಿಗೆ ತಾವ ಪಾಯಸ ನೀಡಿದ್ರು. "ಸೊರಗಿದ್ದಿ," ಅಂದ್ರು. ಬ್ಯಾರೆ ಮಾತು ಹೆಚ್ಚಿಗಿ ಆಗಲಿಲ್ಲ. ಬಸ್ಸು ಹತ್ತುವಾಗ ಏನೋ ಹೇಳಾಕ ಬಾಯಿ ತಗದ್ರು. ಮಲ್ಲೇಶಣ್ಣ ಸೀಟಿ ಊದಿದ.

ಅದೇನು ಅವ್ವಾ? ನಿನಗ ಗೊತ್ತೇನು?

ನಿನ್ನ ಸುಮಿ


ಹಳಿಯಾಳ
18-5-2025, ರವಿವಾರ

ಸುಮಿಗೆ ಅಪ್ಪನ ಆಶೀರ್ವಾದ.

ಹಾರ ಕೊರಳಾಗ ಹಂಗ ಇಟಗೊಂಡು ಬಂದೆ. ಬಸ್ಸಿನ್ಯಾಗ ಒಬ್ಬ ಕೇಳಿದ, "ಯಾವ ಇಲೆಕ್ಷನ್ ಆರಿಸಿ ಬಂದೀರಿ ಯಜಮಾನರ?" ದಾಂಡೇಲಿಯೊಳಗ ಬಸ್ಸು ನಿಂತಾಗ ಇಬ್ಬರು ನಮಸ್ಕಾರ ಮಾಡಿದ್ರು, ಗುರುತಿಲ್ಲ. ಈಗ ಹಾರ ಅಂಗಡ್ಯಾಗ ಕನ್ನಡಿ ಮ್ಯಾಲೆ ಐತಿ. ನಮ್ಮ ಓಣಿ ಹುಡುಗೂರು ಬಂದು ಬಾಗಿಲದಾಗ ನಿಂದ್ರತಾವು, ನಮಗೂ ಕಲಿಸ್ರಿ ಅಂತ. ಹೋದ ಗುರುವಾರದಿಂದ ಸಂಜಿಮುಂದ ಒಂದು ತಾಸು ಕೂಡಸಾಕತ್ತೇನಿ. ಎಂಟು ಹುಡುಗೂರು. ನಿಮ್ಮವ್ವ ಚುರಮರಿ ಮಾಡಿ ಕೊಡತಾಳ.

ನೀ ಕೇಳದ ಒಂದು ಮಾತು ಹೇಳೂದೈತಿ. ಬಸ್ಸು ಹತ್ತುವಾಗ ಹೇಳಬೇಕಂದಿದ್ದೆ, ಬರಲಿಲ್ಲ. ಬರದ್ರ ಬರತೈತಿ ಅಂತ ಬರೀತೇನಿ.

ನಿನ್ನ ನಿಶ್ಚಯ ಆಗಿ ಎಂಟು ದಿನಕ್ಕ ಹುಡುಗನ ತಂದಿ ಅಂಗಡಿಗೆ ಬಂದಿದ್ರು, ಮದುವಿ ಅಂಗಿಗೆ ಅಳತಿ ಕೊಡಾಕ. ನಾ ತೋಳಿನ ಅಳತಿ ಹಿಡದಿದ್ದೆ. "ಅಂದಾನೆಪ್ಪನವರ, ಲಗ್ನ ಆದ ಮ್ಯಾಲೆ ಹುಡುಗಿ ಸಾಲಿ ಗೀಲಿ ಅಂತ ಹೋಗೂದು ನಮ್ಮ ಮನ್ಯಾಗ ನಡಿಯೂದಿಲ್ಲ. ಮೊದಲ ಹೇಳಿರತೇನಿ," ಅಂದ್ರು. ನಾ ಟೇಪು ಬಿಡಲಿಲ್ಲ. "ಆಗಲಿ ತಗೋರಿ," ಅಂದೆ. ತೋಳು ಇಪ್ಪತ್ತಮೂರೂವರಿ ಅಂತ ಬರಕೊಂಡೆ.

ನಿನಗ ಹೇಳಲಿಲ್ಲ. ಚಲೋ ಮನಿತನ ಕೈತಪ್ಪೀತು ಅಂತ ಅಂಜಿದೆ. ಮುಂದ ಒಗ್ಗಿಕೊಂತಾಳ ಅನಕೊಂಡೆ. ನೀ ಮಂದಿ ಮುಂದ ಮದುವಿ ಬ್ಯಾಡ ಅಂದಾಗ ನನಗ ಬಂದದ್ದು ಸಿಟ್ಟಂತ ಎಲ್ಲಾರೂ ತಿಳಕೊಂಡ್ರು. ನಾನೂ ಹಂಗ ತಿಳಕೊಂಡೆ, ಅದರಾಗ ಸುಖ ಇತ್ತು. ಮಾತು ಬಿಟ್ರ ನಿನ್ನ ಮಾರಿ ನೋಡೂದು ತಪ್ಪತೈತಿ. ನಾಚಿಗಿ ಮಗಳ ಅದು, ಸಿಟ್ಟಲ್ಲ.

ಆ ರವಿವಾರ ನೀ ಹುಡುಗೂರ ನಡುವ ನಿಂತದ್ದು ನೋಡಿದೆ. ಒಬ್ಬಾಕಿ ನಿನ್ನ ಸೆರಗು ಹಿಡಕೊಂಡಿದ್ಲು, ಒಬ್ಬ ಬೆನ್ನಿಗೆ ಜೋತು ಬಿದ್ದಿದ್ದ, ನೀ ಎಲ್ಲಾರ ಹೆಸರು ಹಿಡದು ಕರ್ಯಾಕತ್ತಿದ್ದಿ. ಇದನ್ನ ಬಿಡಸಾಕ ನಾ "ಆಗಲಿ" ಅಂದಿದ್ದೆನಲ್ಲ ಅಂತ ಅನಸ್ತು. ಊಟ ಸೇರಲಿಲ್ಲ. ಪಾಯಸ ನಿನಗ ಹಾಕಿದ್ದು ಅದಕ್ಕ.

ತಪ್ಪು ನಂದು. ನಿಮ್ಮವ್ವಗ ನಿನ್ನೆ ಹೇಳಿದೆ. ಆಕಿ ಎರಡು ದಿನ ನನ್ನ ಕೂಡ ಮಾತು ಬಿಡತೇನಿ ಅಂದಾಳ.

ನಿಮ್ಮಪ್ಪ


ಮಾಳವಾಡಾ
22 ಮೇ 2025, ಗುರುವಾರ

ಅಪ್ಪಾ,

ನನಗ ಗೊತ್ತಿತ್ತು.

ಮದುವಿಗೆ ಹದಿನೈದು ದಿನ ಇದ್ದಾಗ ಹುಡುಗ ಫೋನ್ ಮಾಡಿದ್ದ. ಕೆಲಸದ ಮಾತು ಬಂತು. "ನಿಮ್ಮ ತಂದಿಯವರು ಒಪ್ಪಿ ಆಗೇತಲ್ಲ," ಅಂದ. ನಿಮ್ಮನ್ನ ಕೇಳಬೇಕಂತ ಅಂಗಡಿಗೆ ಬಂದೆ. ನೀವು ಮದುವಿ ಅಂಗಿಗೆ ಕಾಜಾ ಮಾಡಾಕತ್ತಿದ್ರಿ, ಹಾಡಿಕೊಂತ. ನೀವು ಹಾಡೂದು ಎಂದೋ ಒಮ್ಮೆ. ಕೇಳದ ಹೊಳ್ಳಿ ಹೋದೆ. ಮರುದಿನ ಮನಿ ತುಂಬ ಬೀಗರಿದ್ರು, ಬರೇ ಬ್ಯಾಡ ಅಂದೆ. ಕಾರಣ ಹೇಳಿದ್ರ ನಿಮ್ಮ ತಲಿ ತಗ್ಗತಿತ್ತು. ಅದು ನನಗ ಬೇಕಾಗಿರಲಿಲ್ಲ.

ಸಿಟ್ಟು ಭಾಳ ಇತ್ತು, ಸುಳ್ಳು ಹೇಳೂದಿಲ್ಲ. ನೀವ ಒಂದು ದಿನ ಹೇಳತೀರಿ ಅಂತ ಕಾದೆ. ಕಾದು ಕಾದು ಸಿಟ್ಟು ಎಲ್ಲಿ ಸವದು ಹೋತೋ ತಿಳೀಲಿಲ್ಲ. ನಿಮ್ಮ ಕಾಗದ ನಿನ್ನೆ ಬಂತು. ಸಾಲಿ ಕಟ್ಟಿ ಮ್ಯಾಲೆ ಕೂತು ಓದಿದೆ. ಎರಡನೇ ಸಲ ಓದುವಾಗ ಕಣ್ಣು ತುಂಬಿ ಅಕ್ಷರ ಕಾಣಲಿಲ್ಲ, ಆದ್ರೂ ಮೈ ಹಗುರಾತು. ಎದ್ದು ಹೋಗಿ ಹುಡುಗೂರ ಕೂಡ ಲಗೋರಿ ಆಡಿದೆ. ನಾನ ಗೆದ್ದೆ.

ಹೆಡ್ ಮಾಸ್ತರು ಈ ವರ್ಷಕ್ಕೂ ನನ್ನ ಹೆಸರ ಬರದು ಕಳಿಸ್ಯಾರ. ಸಾಲಿ ಇಪ್ಪತ್ತೊಂಬತ್ತಕ್ಕ ಶುರು. ಅದಕ್ಕಿಂತ ಮೊದಲ ನಾಕು ದಿನ ಮನ್ಯಾಗ ಇರಬೇಕಂತ ಮಾಡೇನಿ. ಶನಿವಾರ ಮಧ್ಯಾಹ್ನ ಬರ್ತೇನಿ. ಅವ್ವಗ ಹೇಳ್ರಿ. ಅಷ್ಟರಾಗ ಆಕಿ ಮಾತಿಗೆ ಬಂದಿದ್ರ.

ನೀವು ಬಸ್ ಸ್ಟ್ಯಾಂಡಿಗೆ ಬರ್ರಿ. ರಿಕ್ಷಾ ಬ್ಯಾಡ. ಮನೀತನಕ ನಡಕೊಂತ ಹೋಗೂಣು, ಒಂದು ವರ್ಷದ ಮಾತು ಉಳದೈತಿ.

ನಿಮ್ಮ ಮಗಳು
ಸುಮಿ